ನಾಲ್ಕು ಕ್ಲಿಪ್ಪು, ಹದಿನಾಲ್ಕು ಸಾವಿರದ ಬಿಲ್ಲು

ಕಳೆದ ತಿಂಗಳು ಈ ಅಂಕಣದಲ್ಲಿ ಮಳೆಗಾಲದ ಚಾಲನೆಯ ಕುರಿತು ಉತ್ತರಿಸಿದ್ದೆ. ಅದಾದ ಮೇಲೆ ಪುಣೆ ಮತ್ತು ಪಿಂಪರಿ-ಚಿಂಚವಾಡದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆಯನ್ನು ಬಿಟ್ಟು ಸರ್ವಿಸಿನ ಬಿಲ್ಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಸರ್ವಿಸ್ ಸೆಂಟರುಗಳ ಹೆಸರುಗಳನ್ನು ಬೇಕೆಂದೇ ಕೈಬಿಟ್ಟಿದ್ದೇನೆ, ಏಕೆಂದರೆ ನನಗೆ ಬಂದ ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಲೆಬರಹ ಬೇರೆ ಬೇರೆಯಾದರೂ ಒಳಗಿನ ಸಾಲುಗಳು ಒಂದೇ.

ಪ್ರಶ್ನೆ: ನಾನು ಬ್ಯಾಂಕ್ ನೌಕರ. ನನ್ನ ಪೆಟ್ರೋಲ್ ಕಾರಿಗೆ ಐದು ವರ್ಷ, ಓಡಿದ್ದು 38,000 ಕಿ.ಮೀ. ವಾರ್ಷಿಕ ಸರ್ವಿಸಿಗೆ ಕೊಟ್ಟಾಗ ತೆರಿಗೆಗೆ ಮೊದಲು 12,080 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 14,254 ರೂಪಾಯಿ ಬಿಲ್ಲಾಯಿತು. ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಇದರಲ್ಲಿ ಎಷ್ಟು ನ್ಯಾಯ, ಎಷ್ಟನ್ನು ನಾನೇ ಮನೆಯಲ್ಲಿ ಮಾಡಿಕೊಂಡು ಉಳಿಸಬಹುದಿತ್ತು?
ಓದುಗರು, ಕೋಥರೂಡ

ಉತ್ತರ: ನಿಮ್ಮ ಬಿಲ್ಲನ್ನು ಎರಡು ಸಲ ಓದಿದೆ. ಎಂಜಿನ್ ಆಯಿಲ್ 1,890, ಆಯಿಲ್ ಫಿಲ್ಟರ್ ಮತ್ತು ವಾಷರ್ 210, ಏರ್ ಫಿಲ್ಟರ್ 420, ಎಸಿ ಫಿಲ್ಟರ್ 560, ಮಜೂರಿ 2,200: ಈ ಐದು ಸಾಲುಗಳು ಸೇರಿ 5,280 ರೂಪಾಯಿ. ಮಜೂರಿ ತುಸು ಬಿಗಿಯಾಗಿಯೇ ಇದೆಯಾದರೂ ಇವೆಲ್ಲ ಸರ್ವಿಸ್ ಎಂಬ ಮಾತಿಗೆ ಸಲ್ಲುವ ಕೆಲಸಗಳು, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಇನ್ನೈದು ಸಾಲುಗಳ ಬಗ್ಗೆ: ಎಸಿ ಸೋಂಕುನಿವಾರಣೆ 1,150, ಥ್ರಾಟಲ್ ಬಾಡಿ ಕ್ಲೀನಿಂಗ್ 850, ಇಂಜೆಕ್ಟರ್ ಕ್ಲೀನರ್ 480, ಎಂಜಿನ್ ಡ್ರೆಸ್ಸಿಂಗ್ 450, ಕಾರಿನ ತಳಕ್ಕೆ ಆಂಟಿ-ರಸ್ಟ್ 2,400. ಇವುಗಳ ಮೊತ್ತ 5,330, ತೆರಿಗೆ ಸೇರಿದರೆ 6,290ರ ಆಸುಪಾಸು. ಬೇಕಾದ ಕೆಲಸಕ್ಕಿಂತ ಬೇಡದ ಕೆಲಸಕ್ಕೆ ನೀವು ಐವತ್ತು ರೂಪಾಯಿ ಹೆಚ್ಚೇ ಕೊಟ್ಟಿದ್ದೀರಿ.

ಒಂದೊಂದಾಗಿ ನೋಡೋಣ. ಎಸಿ ಹಾಕಿದಾಗ ಹಳಸಲು ವಾಸನೆ ಬರುತ್ತಿದ್ದರೆ ಮಾತ್ರ ಸೋಂಕುನಿವಾರಣೆಯ ಮಾತು ಬರಬೇಕು. ಆ ವಾಸನೆ ಹುಟ್ಟುವುದು ಒಳಗಿನ ತಂಪು ಸುರುಳಿಯ ಮೇಲೆ ತೇವ ನಿಂತು ಬೂಷ್ಟು ಹಿಡಿಯುವುದರಿಂದ. ಮನೆ ಮುಟ್ಟಲು ಮೂರು ನಾಲ್ಕು ನಿಮಿಷವಿರುವಾಗ ಎಸಿ ಆರಿಸಿ ಬರೀ ಫ್ಯಾನ್ ಓಡಿಸುವ ರೂಢಿ ಮಾಡಿಕೊಂಡರೆ ಸುರುಳಿ ಒಣಗುತ್ತದೆ, ಅದಕ್ಕೆ ಖರ್ಚಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಯನ್ನು ತೊಳೆಯಬೇಕಾದದ್ದು ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಏರಿಳಿದು ಉಸಿರಾಡತೊಡಗಿದಾಗ. ನಿಮ್ಮ ಪತ್ರದಲ್ಲಿ ಅಂಥ ದೂರು ಇಲ್ಲ. ಮೈಲೇಜು ಇಳಿಯದೆ, ಸ್ಟಾರ್ಟಿಂಗ್ ತೊಂದರೆಯಿಲ್ಲದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಔಷಧ ಕುಡಿಸುವುದೂ ಹಾಗೆಯೇ. ಎಂಜಿನ್ ಡ್ರೆಸ್ಸಿಂಗ್ ಎಂದರೆ ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ಕಿಗೆ ಮಿರುಗುವ ದ್ರಾವಣ ಬಳಿಯುವುದು, ಜುಟ್ಟಿಗೆ ಮಲ್ಲಿಗೆ. ಇನ್ನು ಆಂಟಿ-ರಸ್ಟ್. ಇಂದಿನ ಕಾರುಗಳ ತಳಕ್ಕೆ ಕಾರ್ಖಾನೆಯಲ್ಲೇ ರಕ್ಷಣೆಯ ಲೇಪನವಾಗಿರುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲಿ ನಿಲ್ಲುವ ಮುಂಬಯಿ, ಗೋವೆಯ ಕಾರುಗಳ ವಿಚಾರ ಬೇರೆ, ಆದರೆ ಕೋಥರೂಡದ ಬೇಸ್‌ಮೆಂಟಿನಲ್ಲಿ ಒಣಗಿ ನಿಲ್ಲುವ ಕಾರಿಗೆ ವರ್ಷವರ್ಷವೂ ಇದು ಬೇಕಿಲ್ಲ. ಕೆಸರನ್ನು ಪೂರ್ತಿ ತೆಗೆಯದೆ ಮೇಲಿಂದ ಸಿಂಪಡಿಸಿದರೆ ತೇವ ಒಳಗೇ ಉಳಿಯುತ್ತದೆ, ನೀರು ಬಸಿದುಹೋಗುವ ತೂತುಗಳು ಮುಚ್ಚಿಕೊಳ್ಳುವ ಅಪಾಯವೂ ಇದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಬಿಲ್ಲಿನ ಅತಿ ಸಣ್ಣ ಸಾಲು: ‘ಕೂಲಂಟ್ ಟಾಪ್-ಅಪ್, 180 ರೂಪಾಯಿ’. ಕೂಲಂಟು ಎಂಜಿನ್ನನ್ನು ತಂಪಾಗಿಡಲು ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುವ ದ್ರವ, ಪೆಟ್ರೋಲಿನಂತೆ ಖರ್ಚಾಗುವುದಲ್ಲ. ಅದು ಗಣನೀಯವಾಗಿ ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರುತ್ತಿದೆ. 2,400 ರೂಪಾಯಿಯ ಲೇಪನ ಸೂಚಿಸಿದವರು ಇದು ಏಕೆ ಇಳಿಯಿತು ಎಂದು ಹೇಳಬೇಕಿತ್ತು, ಹೇಳಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅರೆಪಾರದರ್ಶಕ ಡಬ್ಬಿಯಲ್ಲಿ ಮಟ್ಟ ಎಲ್ಲಿದೆಯೆಂದು ನೋಡಿ ಗುರುತು ಹಾಕಿರಿ, ಎರಡು ವಾರ ಬಿಟ್ಟು ಮತ್ತೆ ನೋಡಿರಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತಿರುಗಿಸಬೇಡಿ. ಒತ್ತಡದಲ್ಲಿರುವ ಆ ದ್ರವ ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣವೇ ಉಕ್ಕಿ ಮುಖಕ್ಕೆ ಹಾರುತ್ತದೆ. ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗಿನ 1,100 ರೂಪಾಯಿ ನ್ಯಾಯವೋ ಅಲ್ಲವೋ ಎಂಬುದು ನಿಮಗೇ ಗೊತ್ತಾಗಬೇಕು: ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯುತ್ತಿತ್ತೇ, 80 ದಾಟಿದಾಗ ಸ್ಟೇರಿಂಗ್ ನಡುಗುತ್ತಿತ್ತೇ? ‘ಕನ್ಸ್ಯೂಮಬಲ್ಸ್’ ಎಂಬ 190 ರೂಪಾಯಿ ಯಾರ ಪಾಲಿಗೆ ಹೋಗುವುದೋ ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಮ್ಮ ಕೈಯಿಂದಲೇ ಆಗಬಹುದಾಗಿದ್ದದ್ದು ಎರಡು ಫಿಲ್ಟರುಗಳು. ನನ್ನ ಕಾರಿಗೆ ಎರಡೂ ಸೇರಿ ಪುಣೆಯ ನಾನಾ ಪೇಠದ ಅಂಗಡಿಯಲ್ಲಿ 600 ರೂಪಾಯಿಯೊಳಗೆ ಸಿಕ್ಕಿವೆ, ನಿಮ್ಮಲ್ಲಿ 980 ಆಗಿದೆ. ಅಂದರೆ ಸ್ವಂತ ಕೈಯಿಂದ ಉಳಿಯುತ್ತಿದ್ದದ್ದು ನಾನೂರು ರೂಪಾಯಿಯಷ್ಟು, ‘ಬೇಡ’ ಎಂಬ ಒಂದು ಮಾತಿನಿಂದ ಉಳಿಯುತ್ತಿದ್ದದ್ದು ಆರು ಸಾವಿರಕ್ಕೂ ಹೆಚ್ಚು. ಆದರೆ ಸೂಟುಬೂಟಿನ ಅಡ್ವೈಸರ್ ಎದುರಿಗೆ ಕೂತು ಬೇಡ ಎನ್ನುವ ಧೈರ್ಯ ಬರುವುದು ಫಿಲ್ಟರಿನ ಡಬ್ಬವನ್ನು ಒಮ್ಮೆಯಾದರೂ ತಾನೇ ತೆರೆದು ನೋಡಿದವನಿಗೆ. ಆದ್ದರಿಂದ ನಾನೂರು ರೂಪಾಯಿಗಾಗಿಯಲ್ಲದಿದ್ದರೂ ಏರ್ ಫಿಲ್ಟರನ್ನು ನೀವೇ ಬದಲಿಸಿರಿ ಎನ್ನುತ್ತೇನೆ.

ಬಾನೆಟ್ ಎತ್ತಿದರೆ ಗೇಣುದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬವೊಂದು ಕಾಣುತ್ತದೆ, ಅದರಿಂದ ದಪ್ಪ ಪೈಪೊಂದು ಎಂಜಿನ್ನಿಗೆ ಹೋಗಿರುತ್ತದೆ. ಅನೇಕ ಕಾರುಗಳಲ್ಲಿ ಅದರ ಮುಚ್ಚಳವನ್ನು ಹಿಡಿದಿರುವುದು ನಾಲ್ಕು ತಂತಿ ಕ್ಲಿಪ್ಪುಗಳು, ಕೆಲವದರಲ್ಲಿ ಸ್ಕ್ರೂ. ಹೆಬ್ಬೆರಳಿನಿಂದ ಒತ್ತಿದರೆ ಕ್ಲಿಪ್ಪು ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಮುಚ್ಚಳ ಎತ್ತಿದಾಗ ಒಳಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಕಾಗದ, ಅದರ ಸುತ್ತ ಮೆತ್ತನೆಯ ರಬ್ಬರ್ ಅಂಚು. ಮಡಿಕೆಗಳ ನಡುವೆ ಮೆಟ್ರೋ ಕಾಮಗಾರಿಯ ಬೂದು ಧೂಳು, ಒಂದೆರಡು ಬೇವಿನೆಲೆ, ಸತ್ತ ಹುಳು ಸಿಗುತ್ತವೆ. ಹಳೆಯದನ್ನು ಸೂರ್ಯನಿಗೆ ಹಿಡಿದು ನೋಡಿರಿ: ಮಡಿಕೆಗಳ ಮೂಲಕ ಬೆಳಕು ಹಾಯುತ್ತಿದ್ದರೆ ನೆಲಕ್ಕೆ ಮೆಲ್ಲಗೆ ಬಡಿದು ಧೂಳು ಕೊಡವಿ ಮತ್ತೆ ಬಳಸಬಹುದು, ಹಾಯದಿದ್ದರೆ ಬದಲಿಸಬೇಕು. ಡಬ್ಬದ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸದನ್ನು ರಬ್ಬರ್ ಅಂಚು ಎಲ್ಲ ಕಡೆ ತನ್ನ ತೋಡಿನಲ್ಲಿ ಕೂರುವಂತೆ ಇಟ್ಟು, ಕ್ಲಿಪ್ಪುಗಳನ್ನು ಎದುರು ಬದುರಾಗಿ ಹಾಕಿರಿ. ಅಂಚು ಒಂದು ಮೂಲೆಯಲ್ಲಿ ಮಡಚಿಕೊಂಡರೂ ಧೂಳು ಸೋಸದೆಯೇ ಒಳಗೆ ನುಗ್ಗುತ್ತದೆ, ಇಡೀ ಕೆಲಸದಲ್ಲಿ ಎಚ್ಚರ ಬೇಕಾದದ್ದು ಅದೊಂದಕ್ಕೇ. ಎಸಿ ಫಿಲ್ಟರ್ ಸಾಮಾನ್ಯವಾಗಿ ಎಡಬದಿಯ ಸೀಟಿನ ಮುಂದಿನ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಬಾಕ್ಸಿನ ಎರಡೂ ಪಕ್ಕವನ್ನು ಒಳಕ್ಕೆ ಒತ್ತಿದರೆ ಅದು ಕೆಳಗೆ ಜೋಲುತ್ತದೆ. ಹೊಸ ಫಿಲ್ಟರಿನ ಮೇಲಿನ ಬಾಣದ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ.

ಮುಂದಿನ ಸಲ ಕಾರನ್ನು ಒಪ್ಪಿಸುವಾಗ, ಮಾಡಬೇಕಾದ ಕೆಲಸಗಳ ಪಟ್ಟಿಯಾದ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಅದರ ಮೇಲೆಯೇ ಬರೆಯಿರಿ: ನನ್ನನ್ನು ಕೇಳದೆ ಹೆಚ್ಚುವರಿ ಕೆಲಸ ಬೇಡ, ಬದಲಿಸಿದ ಹಳೆಯ ಭಾಗಗಳು ವಾಪಸು ಬೇಕು. ಹಳೆಯ ಫಿಲ್ಟರ್ ಕೇಳಿದಾಗ ‘ಎಸೆದುಬಿಟ್ಟೆವು’ ಎಂಬ ಉತ್ತರ ಬಂದರೆ ಬದಲಿಸಿದ್ದಾರೆಯೇ ಎಂದು ನೋಡಲು ನಾಲ್ಕು ಕ್ಲಿಪ್ಪು ಬಿಚ್ಚಿದರೆ ಸಾಕು.

ಪ್ರಶ್ನೆ: ನಾನು ಐಟಿಐ ಮುಗಿಸಿ ಕಾರ್ಖಾನೆಯಲ್ಲಿರುವವನು, ಪಾನಾ ಹಿಡಿಯುವ ಅಭ್ಯಾಸವಿದೆ. ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸಬೇಕೆಂದಿದ್ದೇನೆ. ಸೊಸಾಯಟಿಯ ಚೇರ್ಮನ್ನರು ಪಾರ್ಕಿಂಗಿನಲ್ಲಿ ಇಂಥ ಕೆಲಸ ಕೂಡದು ಎನ್ನುತ್ತಾರೆ. ಅವರಿಗೆ ಆ ಅಧಿಕಾರವಿದೆಯೇ? ಇದರಲ್ಲಿ ನಿಜವಾಗಿ ಉಳಿತಾಯವಿದೆಯೇ?
ಓದುಗರು, ಭೋಸರಿ

ಉತ್ತರ: ಅಧಿಕಾರದ ಮಾತು ಬದಿಗಿರಲಿ, ಈ ವಿಷಯದಲ್ಲಿ ನಾನು ಚೇರ್ಮನ್ನರ ಪಕ್ಷ. ಎಲ್ಲರೂ ನಡೆದಾಡುವ ನೆಲದ ಮೇಲೆ ಮೂರೂವರೆ ಲೀಟರು ಕಪ್ಪೆಣ್ಣೆ ಇಳಿಸುವುದನ್ನು ಅವರು ಒಪ್ಪದಿದ್ದರೆ ತಪ್ಪೇನು? ಫಿಲ್ಟರು ಬದಲಿಸುವುದಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಎಂದರೆ ಇಲ್ಲಿ ಕಾರಿನ ಕೆಳಗೆ ಹೋಗಬೇಕು. ಕಾರಿನೊಂದಿಗೆ ಕೊಡುವ ಜ್ಯಾಕ್ ಚಕ್ರ ಬದಲಿಸಲು ಮಾತ್ರ. ಅದರ ಆಸರೆಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದು ಎಷ್ಟೇ ಅನುಭವಿಗೂ ಸಲ್ಲದು. ಗಟ್ಟಿ ನೆಲದ ಮೇಲೆ ಎರಡು ಜ್ಯಾಕ್ ಸ್ಟ್ಯಾಂಡ್, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಎಣ್ಣೆ ಹಿಡಿಯುವ ತಟ್ಟೆ, ಫಿಲ್ಟರ್ ಬಿಚ್ಚುವ ಪಟ್ಟಿ, ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ಇಷ್ಟನ್ನೂ ಕೊಂಡರೆ ಮೊದಲ ಮೂರು ನಾಲ್ಕು ಸಲದ ಮಜೂರಿ ಅಲ್ಲಿಗೇ ಹೋಯಿತು.

ಊರಲ್ಲಿ ಅಂಗಳವಿರುವ ಮನೆ ಇದ್ದು, ಅಲ್ಲಿ ಮಾಡುವಿರಾದರೆ ಎರಡು ಮಾತು ನೆನಪಿಡಿ. ಹಳೆಯ ಫಿಲ್ಟರು ಬಿಚ್ಚಿದಾಗ ಅದರ ರಬ್ಬರ್ ಉಂಗುರ ಫಿಲ್ಟರಿನ ಜೊತೆಗೇ ಬಂತೇ ಎಂದು ಕೈಯಿಂದ ಮುಟ್ಟಿ ನೋಡಿ. ಅದು ಎಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಉಂಗುರ ಕೂತರೆ, ಸ್ಟಾರ್ಟ್ ಮಾಡಿದ ನಿಮಿಷದೊಳಗೆ ಎಣ್ಣೆಯೆಲ್ಲ ಚಿಮ್ಮಿ ಹೊರಬರುತ್ತದೆ. ಪಳಗಿದ ಮಿಸ್ತ್ರಿಗಳಿಗೂ ಒಮ್ಮೆಯಾದರೂ ಆಗಿರುವ ಅನಾಹುತ ಇದು. ಎರಡನೆಯದಾಗಿ, ಎಣ್ಣೆ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ. ಕಾರ್ಖಾನೆಯ ತೋಳಿನ ಬಲವನ್ನು ಎಣ್ಣೆ ನಿಲ್ಲುವ ಅಲ್ಯೂಮಿನಿಯಂ ಚೇಂಬರಿನ ಮೇಲೆ ತೋರಿಸಿದರೆ ಬೋಲ್ಟು ಕೂರುವ ತೂತಿನ ತಿರುಪು ಸುತ್ತುಗಳು ಕೆಟ್ಟು, ಇನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಾರು ಕಳೆದುಕೊಳ್ಳಬೇಕಾಗುತ್ತದೆ.

ಹಳೆಯ ಎಣ್ಣೆಯ ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಎತ್ತುತ್ತೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಂಜಿನ್ ಆಯಿಲು ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಸುರಿದರೆ ಅದು ಕೊನೆಗೆ ಸೇರುವುದು ನದಿಯನ್ನೇ, ಮುಳಾ-ಮುಠೆಗೆ ಈಗಿರುವ ಕಷ್ಟವೇ ಸಾಕಷ್ಟಿದೆ. ಖಾಲಿ ಕ್ಯಾನಿಗೆ ತುಂಬಿ, ಹಳೆಯ ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಸಿ ಅಧಿಕೃತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಇದಕ್ಕಿಂತ ಒಳ್ಳೆಯ ನಡುದಾರಿಯೊಂದಿದೆ, ನಾನು ಅನುಸರಿಸುವುದೂ ಅದನ್ನೇ. ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ಎಣ್ಣೆಯನ್ನು, ಉದಾಹರಣೆಗೆ 5ಡಬ್ಲ್ಯೂ-30 ಎಂದಿದ್ದರೆ ಅದನ್ನೇ, ಬಿಲ್ಲು ಕೊಡುವ ಅಂಗಡಿಯಿಂದ ಮುಚ್ಚಳದ ಸೀಲು ನೋಡಿ ಕೊಂಡು, ಪರಿಚಯದ ಸಣ್ಣ ಗ್ಯಾರೇಜಿಗೆ ಒಯ್ದು, ಎದುರಿಗೆ ನಿಂತು ಹಾಕಿಸುತ್ತೇನೆ. ಖಾಲಿ ಡಬ್ಬಕ್ಕೆ ಅಲ್ಲೇ ಸ್ಕ್ರೂಡ್ರೈವರಿನಿಂದ ತೂತು ಹೊಡೆಯುತ್ತೇನೆ, ಅದು ಮತ್ತೆ ನಕಲಿ ಎಣ್ಣೆ ತುಂಬಿಸಿಕೊಂಡು ಮಾರುಕಟ್ಟೆಗೆ ಬರಬಾರದು. ಮಿಸ್ತ್ರಿ ಮೊದಲ ಸಲ ಮುಖ ಸಿಂಡರಿಸಿದ್ದ, ಈಗ ತಾನೇ ತೂತು ಹೊಡೆದು ತೋರಿಸುತ್ತಾನೆ.

ಪ್ರಶ್ನೆ: ಕಾರು ಕೊಂಡು ಎರಡು ವರ್ಷ, ವಾರಂಟಿ ಮೂರು ವರ್ಷ. ಹೊರಗೆ ವೈಪರ್ ಬ್ಲೇಡ್ ಹಾಕಿಸಿಕೊಂಡೆ ಎಂದು ಹೇಳಿದಾಗ, ಹೀಗೆಲ್ಲ ಮಾಡಿದರೆ ವಾರಂಟಿ ರದ್ದಾಗುತ್ತದೆ ಎಂದು ಸರ್ವಿಸ್ ಸೆಂಟರಿನವರು ಹೆದರಿಸಿದರು. ನಿಜವೇ?
ಓದುಗರು, ಬಿಬವೇವಾಡಿ

ಉತ್ತರ: ವೈಪರ್ ಬ್ಲೇಡಿನಿಂದ ಎಂಜಿನ್ನಿನ ವಾರಂಟಿ ರದ್ದಾಗುವುದಿಲ್ಲ. ಇದೇ ಮನೋಭಾವದ ಕುರಿತು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿರುವುದು, ಸ್ವತಂತ್ರ ಗ್ಯಾರೇಜುಗಳಿಗೆ ತಾಂತ್ರಿಕ ಮಾಹಿತಿ ಕೊಡದಿರುವುದು ಆರೋಪದ ತಿರುಳು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಕೂಡದೆಂದೂ ಆಯೋಗ ಹೇಳಿತ್ತು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ವಿಚಾರ ವರ್ಷಗಟ್ಟಲೆ ಎಳೆಯಿತು.

ಆದರೂ ನನ್ನ ಸಲಹೆ ತುಸು ಅಂಜುಬುರುಕನದು. ವಾರಂಟಿ ಇರುವವರೆಗೆ ಎಂಜಿನ್ ಆಯಿಲಿನ ನಿಯತ ಸರ್ವಿಸನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಅಲ್ಲೇ ಮಾಡಿಸಿ, ಮುದ್ರೆ ಹಾಕಿಸಿಕೊಳ್ಳಿ. ನಾಳೆ ಗೇರ್‌ಬಾಕ್ಸು ಕೆಟ್ಟಾಗ ವಾದಿಸುತ್ತ ಕೂರುವ ಬದಲು ಬಿಲ್ಲು ತೋರಿಸುವುದು ಸುಲಭ. ವೈಪರು, ಫಿಲ್ಟರು, ಟೈರಿನ ಹವಾ, ಗಾಜು ತೊಳೆಯುವ ನೀರು, ಚಾಪೆ ಇವು ನಿಮ್ಮವು. ವೈರು ಕತ್ತರಿಸಿ ಹಾರ್ನು, ಲೈಟು, ಸ್ಟೀರಿಯೋ ಜೋಡಿಸುವುದು ಮಾತ್ರ ವಾರಂಟಿಗೆ ನಿಜವಾಗಿ ಮುಳುವಾಗುವ ಕೆಲಸ, ವಿಚಿತ್ರವೆಂದರೆ ಜನ ಹಿಂದೆಮುಂದೆ ನೋಡದೆ ಮಾಡುವುದೂ ಅದನ್ನೇ. ಹೆದರಿಕೆಯ ಮಾತು ಮತ್ತೆ ಬಂದರೆ ‘ಬರೆದು ಕೊಡಿ’ ಎನ್ನಿ. ಬರೆದು ಕೊಟ್ಟರೆ ಆ ಕಾಗದ ಹಿಡಿದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು.

ಪ್ರಶ್ನೆ: ನಾನು ಮಗಳೊಂದಿಗೆ ಆಗಾಗ ಪುಣೆಯಿಂದ ಹುಬ್ಬಳ್ಳಿಯ ತವರಿಗೆ ನಾನೇ ಕಾರು ನಡೆಸಿಕೊಂಡು ಹೋಗುತ್ತೇನೆ. ಸ್ಟೆಪ್ನಿ ಬದಲಿಸಲು ಬರುವುದಿಲ್ಲ. ಯಜಮಾನರು ‘ಫೋನು ಮಾಡಿದರೆ ಯಾರಾದರೂ ಬರುತ್ತಾರೆ’ ಎನ್ನುತ್ತಾರೆ. ಇದು ನನ್ನಿಂದ ಆಗುವ ಕೆಲಸವೇ?
ಓದುಗರು, ವಾಕಡ

ಉತ್ತರ: ಖಂಡಿತ ಆಗುತ್ತದೆ. ಆದರೆ ಮೊದಲ ಸಲ ಕಲಿಯುವುದು ಹೆದ್ದಾರಿಯ ಪಕ್ಕದಲ್ಲಲ್ಲ, ಭಾನುವಾರ ಬೆಳಿಗ್ಗೆ ನಿಮ್ಮ ಪಾರ್ಕಿಂಗಿನ ಸಮ ನೆಲದ ಮೇಲೆ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸಿ, ಮೂಲೆಗೆದುರಾದ ಚಕ್ರಕ್ಕೆ ಇಟ್ಟಿಗೆ ಅಡ್ಡ ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೇ ತಿರುಗುತ್ತದೆ, ಕಾರು ಜ್ಯಾಕಿನಿಂದ ಜಾರುತ್ತದೆ. ತೋಳಿನ ಬಲ ಸಾಲದು ಎಂಬ ಅಂಜಿಕೆ ಬೇಡ. ಪಾನಾದ ಹಿಡಿಕೆ ಎಡಕ್ಕೆ ಅಡ್ಡವಾಗಿ ಬರುವಂತೆ ನಟ್ಟಿಗೆ ಸಿಕ್ಕಿಸಿ, ಅದರ ತುದಿಯನ್ನು ಪಾದದಿಂದ ಕೆಳಕ್ಕೆ ಒತ್ತಿ, ಮೈಭಾರವೇ ಕೆಲಸ ಮಾಡುತ್ತದೆ. ಗ್ಯಾರೇಜಿನವರು ಯಂತ್ರದಿಂದ ಬಿಗಿದ ನಟ್ಟು ಅದಕ್ಕೂ ಜಗ್ಗದಿದ್ದರೆ, ಅದು ಗೊತ್ತಾಗಬೇಕಾದದ್ದೂ ಮನೆಯಲ್ಲೇ, ನಿಪ್ಪಾಣಿಯ ಆಚೆ ಕತ್ತಲಲ್ಲಲ್ಲ. ಜ್ಯಾಕ್ ಇಡುವ ಜಾಗ ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವೆ ಇರುತ್ತದೆ. ಹೊಸ ಚಕ್ರದ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರು ಬದುರಿಗೆ ಬಿಗಿಯಬೇಕು, ಕೊನೆಯ ಬಿಗಿತ ಚಕ್ರ ನೆಲ ಮುಟ್ಟಿದ ಮೇಲೆ. ನೂರು ಕಿ.ಮೀ. ಒಳಗೆ ಇನ್ನೊಮ್ಮೆ ನೋಡಿ.

ನಾನೂರಕ್ಕೂ ಹೆಚ್ಚು ಕಿ.ಮೀ. ದಾರಿಗೆ ಹೊರಡುವ ಮುನ್ನ ಹವಾ ನೋಡಿಕೊಳ್ಳುವುದು ಇದಕ್ಕಿಂತ ಮುಖ್ಯ. ಬೇಕಾದ ಅಂಕಿ ಚಾಲಕನ ಬಾಗಿಲು ತೆಗೆದಾಗ ಕಾಣುವ ಕಂಬದ ಚೀಟಿಯ ಮೇಲಿರುತ್ತದೆ. ಅದನ್ನು ಅಳೆಯಬೇಕಾದದ್ದು ಟೈರು ತಣ್ಣಗಿರುವಾಗ, ಸ್ಟೆಪ್ನಿಯನ್ನೂ ಸೇರಿಸಿ. ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿದ ಸ್ಟೆಪ್ನಿಯಲ್ಲಿ ಬೇಕಾದ ಹೊತ್ತಿಗೆ ಹವಾ ಇರುವುದಿಲ್ಲ. ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ನಿಯಮದ ಪ್ರಕಾರ ಅದು ಸವೆದ ಟೈರು. ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ, ಟೈರಿನ ಮೈ ಅವುಗಳ ಮಟ್ಟಕ್ಕೆ ಇಳಿದಿದ್ದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ನೈಟ್ರೋಜನ್ ತುಂಬಿಸಲು ಕೇಳಿದಷ್ಟು ಕೊಡಬೇಕಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ. 78ರಷ್ಟಿದೆ.

ಯಜಮಾನರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ರಾತ್ರಿ ಹೊತ್ತು ಲಾರಿಗಳು ಮೈಗೆ ತಾಗುವಂತೆ ಹಾಯುವ ಬದಿಯಲ್ಲಿ ಪಂಕ್ಚರಾದರೆ ನೀವಾಗಲಿ ನಾನಾಗಲಿ ಚಕ್ರ ಬಿಚ್ಚಲು ಕೂರಬಾರದು. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಹಿಂದೆ ದೂರ ಇಟ್ಟು, ಮಗುವನ್ನು ಕರೆದುಕೊಂಡು ರಸ್ತೆಯಿಂದ ದೂರ ನಿಂತು ಫೋನು ಮಾಡುವುದೇ ಸರಿ.

ಪ್ರಶ್ನೆ: ಮೊಬೈಲಿನಲ್ಲಿ ವಿಡಿಯೋ ನೋಡಿ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ನಾನೇ ಬದಲಿಸಬಹುದೇ?
ಓದುಗರು, ಚಿಂಚವಾಡ

ಉತ್ತರ: ಬೇಡ. ಏರ್ ಫಿಲ್ಟರ್ ತಪ್ಪಾಗಿ ಕೂತರೆ ಎಂಜಿನ್ ನಿಧಾನವಾಗಿ ಸವೆಯುತ್ತದೆ, ತಿದ್ದಿಕೊಳ್ಳಲು ಸಮಯವಿರುತ್ತದೆ. ಬ್ರೇಕಿನಲ್ಲಿ ಆದ ತಪ್ಪು ತಿಳಿಯುವುದು ಬ್ರೇಕ್ ಒತ್ತಿದಾಗಲೇ.

ತೊಂಬತ್ತರ ದಶಕದಲ್ಲಿ ನನ್ನ ಬಳಿ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇತ್ತು. ಆ ಕಾಲಕ್ಕೆ ಭಾನುವಾರವೆಂದರೆ ಪಾಯಿಂಟು ಉಜ್ಜುವುದು, ಕಾರ್ಬೊರೇಟರ್ ಊದುವುದು. ಎಲ್ಲ ನನಗೇ ಬರುತ್ತದೆ ಎಂಬ ಗರ್ವದಲ್ಲಿ, ವರ್ಷಗಟ್ಟಲೆ ಅರೆತೆರೆದ ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲನ್ನು ಸುರಿದುಕೊಂಡು ಊರಿಗೆ ಹೊರಟೆ. ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ನಾಲ್ಕಾರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲು ಹತ್ತಿಯ ದಿಂಬಿನಂತೆ ಕೆಳಗಿಳಿಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಸವರಿಕೊಂಡು ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದ ತಂದೆಯವರು ಧಾರವಾಡ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಆದದ್ದು ಇಷ್ಟು. ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬ ಮಾನದಂಡವಿದೆ, ತೇವ ಹೀರಿದ ದ್ರವಕ್ಕೆ ಅದು 155. ಇಳಿಜಾರಿನಲ್ಲಿ ಬ್ರೇಕು ಕಾದಾಗ ಒಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಬರುವುದಿಲ್ಲ, ಆವಿಯನ್ನು ಕುಗ್ಗಿಸಲು ಬರುತ್ತದೆ, ಆದ್ದರಿಂದ ನಿಮ್ಮ ಕಾಲಿನ ಬಲ ಚಕ್ರದವರೆಗೆ ಹೋಗುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಿ ಎಂದು ಸಾಮಾನ್ಯವಾಗಿ ಹೇಳುವುದು ಇದಕ್ಕಾಗಿ, ಮತ್ತು ಸರ್ವಿಸ್ ಸೆಂಟರು ಇದನ್ನು ಸೂಚಿಸಿದಾಗ ಮಾತ್ರ ನಾನು ಚೌಕಾಶಿ ಮಾಡುವುದಿಲ್ಲ. ನೀವು ಮಾಡಬೇಕಾದ ಕೆಲಸ ಡಬ್ಬಿಯ ಮಟ್ಟ ನೋಡುವುದು. ಇಳಿದಿದ್ದರೆ ಸುರಿಯಬೇಡಿ. ಪ್ಯಾಡು ಸವೆದಿರಬಹುದು ಅಥವಾ ಸೋರುತ್ತಿರಬಹುದು, ತೋರಿಸಿ. ಏರ್‌ಬ್ಯಾಗ್ ಮತ್ತು ಅದರ ಹಳದಿ ಕನೆಕ್ಟರುಗಳಿಗೂ, ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲುಗಳಿಗೂ ಇದೇ ಉತ್ತರ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿತು. ಸ್ಕ್ಯಾನಿಂಗಿಗೆಂದು 900 ರೂಪಾಯಿ ತೆಗೆದುಕೊಂಡು, ಆಕ್ಸಿಜನ್ ಸೆನ್ಸರ್ ಬದಲಿಸಬೇಕು, 7,800 ಆಗುತ್ತದೆ ಎಂದಿದ್ದಾರೆ. ಏನು ಮಾಡಲಿ?
ಓದುಗರು, ನಿಗಡಿ

ಉತ್ತರ: ಯಾವ ಕೋಡ್ ಬಂದಿದೆ ಎಂದು ಬರೆಸಿಕೊಳ್ಳಿ. ನಮ್ಮಲ್ಲಿ 2013ರಿಂದೀಚಿನ ಕಾರುಗಳಲ್ಲಿ ಒಬಿಡಿ-2, ಅಂದರೆ ಎಂಜಿನ್ನಿನ ತೊಂದರೆಯನ್ನು ತಾನೇ ಗುರುತಿಸಿ ಕೋಡಿನಲ್ಲಿ ಹೇಳುವ ವ್ಯವಸ್ಥೆಯಿದೆ. ಸ್ಟೇರಿಂಗಿನ ಕೆಳಭಾಗದಲ್ಲಿ 16 ಪಿನ್ನಿನ ಸಾಕೆಟ್ಟಿರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಒಮ್ಮೆಯ ಸ್ಕ್ಯಾನಿಂಗಿಗೆ ಅವರು ಕೇಳುವ ಹಣದಲ್ಲೇ ಬರುತ್ತದೆ, ಕೋಡನ್ನು ಮೊಬೈಲಿನಲ್ಲಿ ಓದಬಹುದು. ಆದರೆ ಕೋಡು ಹೇಳುವುದು ರೋಗದ ಲಕ್ಷಣವನ್ನು, ಯಾವ ಅಂಗ ಕೆಟ್ಟಿದೆ ಎಂದಲ್ಲ. ಪಿ0171 ಎಂದು ಬಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ, ಗಾಳಿ ಹೆಚ್ಚು ಎಂದಷ್ಟೇ ಅರ್ಥ. ಅದಕ್ಕೆ ಸೆನ್ಸರೂ ಕಾರಣವಿರಬಹುದು, ಬಿರುಕು ಬಿಟ್ಟ ನಲವತ್ತು ರೂಪಾಯಿಯ ರಬ್ಬರ್ ಪೈಪೂ ಇರಬಹುದು. ಪೈಪು, ಕ್ಲ್ಯಾಂಪುಗಳನ್ನು ನೋಡಿದ್ದೀರಾ ಎಂದು ಕೇಳಿ, ನೋಡಿಲ್ಲವೆಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ದೀಪ ಮಿನುಗುತ್ತಿದ್ದರೆ ಈ ಚರ್ಚೆಗೆಲ್ಲ ಸಮಯವಿಲ್ಲ, ಕಾರು ನಿಲ್ಲಿಸಿ. ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿದರಂತೂ ಎಂಜಿನ್ನನ್ನು ಆ ಕ್ಷಣವೇ ಆರಿಸಬೇಕು.

ಪ್ರಶ್ನೆ: ಪಾರ್ಕಿಂಗಿನಲ್ಲಿ ಇಲಿಗಳು ವೈರು ಕಡಿದಿವೆ. ರಿಪೇರಿಯ ಜೊತೆಗೆ ಇಲಿ ಬಾರದಂತೆ ಸ್ಪ್ರೇ ಹೊಡೆಯಲು 1,500 ರೂಪಾಯಿ ಕೇಳುತ್ತಾರೆ. ನಿಪ್ಪಾಣಿಯ ನೆಂಟರು ತಂಬಾಕಿನ ಎಲೆ ಇಡಿ ಎನ್ನುತ್ತಾರೆ. ಯಾವುದು ಸರಿ?
ಓದುಗರು, ಹಡಪಸರ

ಉತ್ತರ: ವಾರಗಟ್ಟಲೆ ಅಲುಗದೆ ನಿಂತ ಕಾರು ಇಲಿಗೆ ಬೆಚ್ಚಗಿನ ಮನೆ. ಕಸದ ಡಬ್ಬಿಯಿಂದ ದೂರ ನಿಲ್ಲಿಸುವುದು, ಒಳಗೆ ಶೇಂಗಾ-ಬಿಸ್ಕೀಟಿನ ಚೂರು ಬಿಡದಿರುವುದು, ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಸ್ಪ್ರೇಗಿಂತ ಹೆಚ್ಚು ಫಲ ಕೊಟ್ಟಿವೆ. ಫಿಲ್ಟರ್ ಡಬ್ಬವನ್ನೂ ತೆರೆದು ನೋಡಿ, ನನಗೆ ಒಮ್ಮೆ ಅದರೊಳಗೆ ಚಿಂದಿ ಬಟ್ಟೆಯ ಗೂಡೇ ಸಿಕ್ಕಿತ್ತು. ತಂಬಾಕಿನ ಉಪಾಯವನ್ನು ನಾನೂ ಮಾಡುತ್ತೇನೆ. ಘಾಟು ಇರುವವರೆಗೆ ಇಲಿ ಹತ್ತಿರ ಸುಳಿದಿಲ್ಲ, ಮಳೆಗಾಲದಲ್ಲಿ ಮಾತ್ರ ಎಲೆ ಮೆತ್ತಗಾಗಿ ವಾರದಲ್ಲೇ ಸಪ್ಪೆಯಾಗುತ್ತದೆ. ಬಿಡಿಯಾಗಿ ಹರಡದೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯಾಗುವ ಸೈಲೆನ್ಸರ್ ಪೈಪಿನಿಂದಲೂ ತಿರುಗುವ ಬೆಲ್ಟಿನಿಂದಲೂ ದೂರದಲ್ಲಿ, ಬ್ಯಾಟರಿಯ ಪಕ್ಕದ ಖಾಲಿ ಜಾಗದಲ್ಲಿ ಬಿಗಿಯಾಗಿ ಕಟ್ಟಿರಿ. ಸರ್ವಿಸಿಗೆ ಕೊಡುವ ದಿನ ಅದನ್ನು ತೆಗೆದಿಡಿ. ನಾನು ಒಮ್ಮೆ ಮರೆತಿದ್ದೆ, ಬಿಲ್ಲಿನಲ್ಲಿ ‘ಎಂಜಿನ್ ಭಾಗದ ಕಸ ತೆಗೆದದ್ದು, 150 ರೂಪಾಯಿ’ ಎಂಬ ಸಾಲು ಬಂದಿತ್ತು.